ಅಪ್ಪ-ಅಮ್ಮನ 40ನೇ ವರ್ಷಕ್ಕೆ ಏನು ಕೊಡೋದು? ಆರ್‌ಒ, ಫೋನು, ಏರ್ ಫ್ರೈಯರ್... ಜಗಳ ಬಿಡಿಸಿ

ಹುಣಸೇಮರದ_ನೆರಳು
ಎಲ್ಲರಿಗೂ ನಮಸ್ಕಾರ. ಮನೆ ಜಗಳವನ್ನು ಇಲ್ಲಿಗೆ ತಂದಿದ್ದೇನೆ, ಬೈಯಬೇಡಿ.

ಮುಂದಿನ ತಿಂಗಳು ಅಪ್ಪ-ಅಮ್ಮನ ಮದುವೆಯಾಗಿ 40 ವರ್ಷ. ಅಕ್ಕ, ನಾನು, ತಮ್ಮ ಮೂವರೂ ಆರಾರು ಸಾವಿರ ಹಾಕಿ 18,000 ಕೂಡಿಸಿದ್ದೇವೆ. ಊರು ಗೌರಿಬಿದನೂರಿನಿಂದ ಒಳಗೆ, ಮನೆಯಲ್ಲಿ ಅವರಿಬ್ಬರೇ. ಅಕ್ಕ ಆರ್‌ಒ, ಅಂದರೆ ಲವಣ ತೆಗೆಯುವ ನೀರಿನ ಫಿಲ್ಟರ್ ಕೊಡಿಸೋಣ ಅನ್ನುತ್ತಾಳೆ. ತಮ್ಮ ಅಪ್ಪನಿಗೆ ಹೊಸ ಫೋನ್ ಅನ್ನುತ್ತಾನೆ, ಈಗಿನದು ಮಧ್ಯಾಹ್ನಕ್ಕೇ ಆಫ್ ಆಗುತ್ತದೆ. ನನಗೆ ಏರ್ ಫ್ರೈಯರ್ ಮೇಲೆ ಕಣ್ಣು. ಇಬ್ಬರಿಗೂ ಡಾಕ್ಟರ್ ಎಣ್ಣೆ ಕಡಿಮೆ ಮಾಡಿ ಅಂದಿದ್ದಾರೆ.

ಈ ಮಧ್ಯೆ ಹೋದ ಭಾನುವಾರ ಒಬ್ಬ ಸೇಲ್ಸ್ ಹುಡುಗ ಮನೆಗೇ ಬಂದಿದ್ದ. ಎರಡು ಗಾಜಿನ ಲೋಟ ಇಟ್ಟ. ಒಂದಕ್ಕೆ ನಮ್ಮ ಮನೆ ನೀರು, ಇನ್ನೊಂದಕ್ಕೆ ಅವನ ಬಾಟಲಿ ನೀರು. ನಾಲ್ಕು ಕಡ್ಡಿ ಇರುವ ಒಂದು ಡಬ್ಬಿಯನ್ನು ಎರಡಕ್ಕೂ ಅದ್ದಿ ಪ್ಲಗ್ ಹಾಕಿದ. ಅರ್ಧ ನಿಮಿಷಕ್ಕೆ ನಮ್ಮ ನೀರು ಕಷಾಯದ ಬಣ್ಣಕ್ಕೆ ತಿರುಗಿತು, ಮೇಲೆ ಕೆಂಪು ಗಸಿ. ಅವನದು ಹಾಗೇ ತಿಳಿಯಾಗಿತ್ತು. "ಇಷ್ಟು ವರ್ಷ ಇದನ್ನೇ ಕುಡಿದಿರಾ ಆಂಟಿ?" ಅಂದನಂತೆ. ಆವತ್ತಿನಿಂದ ಅಮ್ಮ ಸರಿಯಾಗಿ ನೀರೇ ಕುಡಿಯುತ್ತಿಲ್ಲ. ಬೆಲೆ 24,000, ಇವತ್ತೇ ಬುಕ್ ಮಾಡಿದರೆ 15,500, ನೋ ಕಾಸ್ಟ್ ಇಎಂಐ (ಬಡ್ಡಿ ಇಲ್ಲದ ಕಂತು) ಬೇರೆ. ಅಕ್ಕ ಈಗಲೇ ದುಡ್ಡು ಕಳಿಸು ಅಂತ ಕೂತಿದ್ದಾಳೆ. ಏನು ಮಾಡಲಿ?

ನಿವೃತ್ತ_ಮೇಷ್ಟ್ರು
ಮೊದಲು ಅಮ್ಮನಿಗೆ ಫೋನ್ ಮಾಡಿ ಸಮಾಧಾನ ಹೇಳಿ. ಆ ಕೆಂಪು ಗಸಿ ನಿಮ್ಮ ನೀರಿನದಲ್ಲ, ಅವನ ಕಡ್ಡಿಯದು.

ಹೈಸ್ಕೂಲಿನಲ್ಲಿ 31 ವರ್ಷ ವಿಜ್ಞಾನ ಕಲಿಸಿದವನು ನಾನು. ಆ ಡಬ್ಬಿಯಲ್ಲಿ ಕಬ್ಬಿಣದ ಕಡ್ಡಿ ಇರುತ್ತದೆ, ಅಲ್ಯೂಮಿನಿಯಂ ಕಡ್ಡಿಯೂ ಇರುತ್ತದೆ. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ. ಕರೆಂಟ್ ಹರಿದರೆ ಕಬ್ಬಿಣ ಕರಗುತ್ತದೆ, ತುಕ್ಕಿನಂಥ ಗಸಿ ಮೇಲೆ ಬರುತ್ತದೆ. ಅವನ ಬಾಟಲಿಯಲ್ಲಿದ್ದದ್ದು ಆರ್‌ಒ ನೀರು. ಲವಣ ತೀರಾ ಕಡಿಮೆ, ಕರೆಂಟ್ ಹರಿಯಲ್ಲ, ಅದಕ್ಕೇ ತಿಳಿ. ಆ "ಶುದ್ಧ" ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಅದೇ ಕಡ್ಡಿ ಅದ್ದಿಸಿ. ಅದೂ ಕೆಂಪಗಾಗುತ್ತದೆ. ಎಳನೀರಿಗೆ ಅದ್ದಿದರೂ ಗಸಿ ಬರುತ್ತದೆ. ಹಾಗಂತ ಎಳನೀರು ವಿಷವೇ?

ನೀವೇ ಮಾಡಿ ನೋಡಲು ಹೋಗಬೇಡಿ. ಅದು ಗೋಡೆ ಪ್ಲಗ್ಗಿಗೆ ಹಾಕುವ ಸಾಮಾನು, 230 ವೋಲ್ಟ್.

ಬೆಣ್ಣೆದೋಸೆ
ನಮ್ಮ ಅತ್ತೆ ಮನೆಯಲ್ಲೂ ಇದೇ ನಾಟಕ ಆಡಿ ಮೆಷಿನ್ ಮಾರಿ ಹೋದರು. ಅತ್ತೆ ಇವತ್ತಿಗೂ ಒಲೆ ಮೇಲೆ ಕಾಯಿಸಿದ ನೀರನ್ನೇ ಕುಡಿಯೋದು. ಮೆಷಿನ್ ಮೇಲೆ ಗಣಪತಿ ಕೂತಿದ್ದಾನೆ.

ಕೋಲಾರದ_ಕಡೆಯವನು
ಮೇಷ್ಟ್ರೇ, ಟ್ರಿಕ್ಕು ಸುಳ್ಳು, ಒಪ್ಪಿದೆ. ಹಾಗಂತ ಗೌರಿಬಿದನೂರಿನ ಬೋರ್ ನೀರು ಧಾರಾಳವಾಗಿ ಕುಡಿಯಬಹುದು ಅಂತ ಯಾರಾದರೂ ಓದಿಕೊಂಡರೆ ಕಷ್ಟ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ನಮ್ಮ ಈ ಭಾಗದ ತಲೆನೋವೇ ಫ್ಲೋರೈಡ್. ಸಾವಿರ ಅಡಿ ಕೊರೆದು ತೆಗೆದ ನೀರು. ನೋಡಲು ಸ್ಫಟಿಕ, ವಾಸನೆ ಇಲ್ಲ, ರುಚಿಯಲ್ಲೂ ಗೊತ್ತಾಗಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. ಅದರ ಮೇಲೆ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು ಗೆರೆ ಬೀಳುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ. ನಮ್ಮ ದೊಡ್ಡಪ್ಪ 55ಕ್ಕೇ ಬಾಗಿ ನಡೆಯುತ್ತಿದ್ದರು. ವಯಸ್ಸು ಅಂದುಕೊಂಡಿದ್ದೆವು.

ಇನ್ನೊಂದು ಮಾತು. ಆ ಬೆಣ್ಣೆದೋಸೆಯವರ ಅತ್ತೆ ನಮ್ಮ ಕಡೆಯವರಾಗಿದ್ದರೆ ಕಾಯಿಸಿದ್ದು ಉಪಯೋಗಕ್ಕೆ ಬರುತ್ತಿರಲಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಆರ್‌ಒ ಅದನ್ನು ತೆಗೆಯುತ್ತದೆ. ಹಾಗಾಗಿ ನಿಮ್ಮ ಅಕ್ಕ ಹೇಳುವುದರಲ್ಲಿ ಅರ್ಥ ಇದೆ.

ನಿವೃತ್ತ_ಮೇಷ್ಟ್ರು
ಒಪ್ಪಿದೆ ಸ್ವಾಮಿ. ನನ್ನದು ಆ ಲೋಟದ ನಾಟಕದ ಬಗ್ಗೆ ಮಾತ್ರ. ನೀರು ಹೇಗಿದೆ ಅಂತ ಲೋಟ ನೋಡಿ ಹೇಳಲು ಅವನಿಗೂ ಆಗಲ್ಲ, ನನಗೂ ಆಗಲ್ಲ.

ತುಂಗೆ_ದಂಡೆ
ಇಷ್ಟೆಲ್ಲ ಯಾಕೆ, ಇನ್ನೂರು ಮುನ್ನೂರು ರೂಪಾಯಿಗೆ ಟಿಡಿಎಸ್ ಮೀಟರ್ ಸಿಗುತ್ತೆ. ಅದ್ದಿ ನೋಡಿದರೆ ಆಯ್ತು.

ಕೋಲಾರದ_ಕಡೆಯವನು
ಟಿಡಿಎಸ್ ಮೀಟರ್ ಒಟ್ಟು ಲವಣ ಎಷ್ಟು ಅಂತ ಅಂದಾಜು ಹೇಳುತ್ತದೆ, ಯಾವ ಲವಣ ಅಂತ ಹೇಳಲ್ಲ. ಟಿಡಿಎಸ್ 400 ಇದ್ದು ಫ್ಲೋರೈಡ್ 2 ಇರಬಹುದು. ಮೀಟರ್ ನೋಡಿ ಖುಷಿ ಪಟ್ಟುಕೊಂಡು ಕೂತರೆ ಆ ಸೇಲ್ಸ್ ಹುಡುಗನ ಕಡ್ಡಿಗೂ ಇದಕ್ಕೂ ಏನು ವ್ಯತ್ಯಾಸ?

ಪಂಚಾಯ್ತಿಗೆ ಹೋಗಿ. ಜಲ ಜೀವನ್ ಮಿಷನ್‌ನಲ್ಲಿ ನೀರು ಪರೀಕ್ಷೆ ಕಿಟ್ ಕೊಟ್ಟಿರುತ್ತಾರೆ, ಊರಿಗೆ ಐದು ಜನ ಹೆಂಗಸರಿಗೆ ಅದನ್ನು ಬಳಸುವ ತರಬೇತಿ ಕೊಡುವುದು ಯೋಜನೆಯಲ್ಲೇ ಇದೆ. ಬಣ್ಣ ಹೋಲಿಸಿ ಫ್ಲೋರೈಡ್ ಹೇಳುತ್ತಾರೆ. ಪಕ್ಕಾ ಲೆಕ್ಕ ಬೇಕಿದ್ದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬ್‌ಗೆ ಒಂದು ಬಾಟಲಿ ಕೊಡಿ.

ಮಳೆಕಾಡು
ಒಂದು ಪ್ರಶ್ನೆ. ಅವನು ಲೋಟಕ್ಕೆ ಹಾಕಿದ್ದು ಯಾವ ನೀರು? ಅಡುಗೆ ಮನೆ ನಲ್ಲಿಯದಾ, ಇವರು ಕುಡಿಯುವುದಾ?

ಹುಣಸೇಮರದ_ನೆರಳು
ಒಳ್ಳೆ ಪ್ರಶ್ನೆ. ಈಗಷ್ಟೇ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ನಲ್ಲಿ ನೀರಂತೆ, ಪಾತ್ರೆ ತೊಳೆಯುವುದು. ಕುಡಿಯಲು ಊರಿನ ಶುದ್ಧ ನೀರಿನ ಘಟಕದಿಂದ ತರುತ್ತಾರೆ. 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್. ಅಪ್ಪ ದಿನ ಬಿಟ್ಟು ದಿನ ಟಿವಿಎಸ್ ಎಕ್ಸೆಲ್‌ನಲ್ಲಿ ಕ್ಯಾನ್ ಕಾಲ ಸಂದಿಯಲ್ಲಿಟ್ಟುಕೊಂಡು ಬರುತ್ತಾರೆ. ವಯಸ್ಸು 68.

ಮಳೆಕಾಡು
ಅಂದರೆ ಕುಡಿಯದ ನೀರನ್ನು ತೋರಿಸಿ, ಕುಡಿಯುವವರನ್ನು ಹೆದರಿಸಿ ಹೋಗಿದ್ದಾನೆ! ಘಟಕದ ನೀರನ್ನೇ ಅದ್ದಿದ್ದರೆ ಅಷ್ಟು ಕೆಂಪಗೆ ಆಗುತ್ತಿರಲಿಲ್ಲ ಅಲ್ವಾ ಮೇಷ್ಟ್ರೇ? ಅದೂ ಆರ್‌ಒ ಘಟಕವೇ ತಾನೇ?

ನಿವೃತ್ತ_ಮೇಷ್ಟ್ರು
ಹೌದು. ಅದಕ್ಕೇ ಅವನು ಅದನ್ನು ಮುಟ್ಟಿಲ್ಲ.

ಕೋಲಾರದ_ಕಡೆಯವನು
ಆದರೂ ಘಟಕದ ನೀರನ್ನೂ ಒಂದು ಸಲ ಪರೀಕ್ಷೆ ಮಾಡಿಸಿ. ಎಷ್ಟೋ ಊರಲ್ಲಿ ಘಟಕ ಕಟ್ಟಿದ ಮೇಲೆ ಮೆಂಬ್ರೇನ್ (ಲವಣ ಸೋಸುವ ಪೊರೆ) ಬದಲಾಯಿಸಿದ್ದೇ ಇಲ್ಲ.

ಮಾಜಿ_ಸೇಲ್ಸ್
ನಾನು ಎರಡು ವರ್ಷ ಇದೇ ಕೆಲಸ ಮಾಡಿದ್ದೇನೆ. ಯಾವ ಕಂಪನಿ ಅಂತ ಕೇಳಬೇಡಿ. ಹುಡುಗನನ್ನು ಬೈಯುವ ಮೊದಲು ಸ್ವಲ್ಪ ಕೇಳಿ.

ಟ್ರೇನಿಂಗ್‌ನಲ್ಲೇ ಆ ಡಬ್ಬಿ ಕೈಗೆ ಕೊಡುತ್ತಾರೆ. ಕಡ್ಡಿ ಕಬ್ಬಿಣದ್ದು ಅಂತ ನಮಗೂ ಹೇಳಲ್ಲ, ನಾನೇ ಮೊದಲ ಆರು ತಿಂಗಳು ನಂಬಿದ್ದೆ. ನಮ್ಮಮ್ಮನಿಗೂ ಒಂದು ಮೆಷಿನ್ ಹಾಕಿಸಿಕೊಟ್ಟಿದ್ದೆ! ಮನೆಯೊಳಗೆ ಹೋದ ಕೂಡಲೇ ಮೊಮ್ಮಕ್ಕಳ ಫೋಟೋ ಹುಡುಕು, ಅವರ ಹೆಸರು ಕೇಳು, ಆಮೇಲೆ ನೀರಿನ ಮಾತು ತೆಗೆ. ಯಜಮಾನರು ಮನೆಯಲ್ಲಿ ಇಲ್ಲದ ಹೊತ್ತು ಒಳ್ಳೆಯದು. ಆ 24,000 ಇದೆಯಲ್ಲ, ಆ ಬೆಲೆಗೆ ಒಂದೂ ಮಾರಿದ್ದು ನಾನು ನೋಡಿಲ್ಲ. ಅದು ಹೊಡೆದು ಹಾಕಿ ತೋರಿಸಲೆಂದೇ ಇರುವ ಬೆಲೆ. "ಇವತ್ತೇ ಕೊನೆ" ಅನ್ನುವುದನ್ನು ನಾನು ಒಂದೇ ಮನೆಯಲ್ಲಿ ನಾಲ್ಕು ಸಲ ಹೇಳಿದ್ದೇನೆ.

ಮತ್ತೆ, ಕಂಪನಿಗೆ ಲಾಭ ಮೆಷಿನ್‌ನಲ್ಲಿ ಅಷ್ಟಿಲ್ಲ. ವರ್ಷ ವರ್ಷ ಕಟ್ಟುವ ಎಎಂಸಿಯಲ್ಲಿ, ಅಂದರೆ ಸರ್ವಿಸ್ ಒಪ್ಪಂದದಲ್ಲಿದೆ. ಸೆಡಿಮೆಂಟ್ ಫಿಲ್ಟರ್, ಕಾರ್ಬನ್ ಫಿಲ್ಟರ್ ವರ್ಷಕ್ಕೊಮ್ಮೆಯಾದರೂ, ಮೆಂಬ್ರೇನ್ ಎರಡು ಮೂರು ವರ್ಷಕ್ಕೆ. ಗಡಸು ನೀರಾದರೆ ಇನ್ನೂ ಬೇಗ. ಕೊಳ್ಳುವ ಮೊದಲು ಕೇಳಬೇಕಾದ್ದು ಒಂದೇ: "ನಿಮ್ಮ ಸರ್ವಿಸ್ ಹುಡುಗ ನಮ್ಮೂರಿಗೆ ಬರುತ್ತಾನಾ? ಅವನ ನಂಬರ್ ಕೊಡಿ, ಈಗಲೇ ಮಾತಾಡುತ್ತೇನೆ." ಹತ್ತರಲ್ಲಿ ಏಳು ಸಲ ಅಲ್ಲಿಗೆ ವ್ಯಾಪಾರ ನಿಲ್ಲುತ್ತದೆ.

ಹುಣಸೇಮರದ_ನೆರಳು
ಅಯ್ಯೋ, ಮೊಮ್ಮಕ್ಕಳ ಫೋಟೋ! ನಮ್ಮ ಮನೆಯಲ್ಲೂ ಅದನ್ನೇ ಕೇಳಿದ್ದನಂತೆ.

ಕುಂದಾಪ್ರದ_ಹೆಣ್ಣು
ನಿಮಗಾದರೂ ಬೋರ್ ನೀರು ಮಾರಾಯ್ರೆ. ನಮ್ಮೂರಲ್ಲಿ ಬಾವಿ ನೀರು, ಟಿಡಿಎಸ್ 40-50. ಅದಕ್ಕೂ ಆರ್‌ಒ ಹಾಕಿಸಿದವರು ಇದ್ದಾರೆ. ಲವಣವೇ ಇಲ್ಲದ ನೀರಿನಿಂದ ಲವಣ ತೆಗೆಯುವುದು! ಮೂರು ಲೋಟ ಚೆಲ್ಲಿ ಒಂದು ಲೋಟ ಕುಡಿಯುವುದು. ಟಿಡಿಎಸ್ 500ರ ಒಳಗಿದ್ದ ಕಡೆ ಆರ್‌ಒ ಬೇಡ ಅಂತ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ನಮ್ಮ ಕಡೆ ಕ್ರಿಮಿ ಭಯ ಇದ್ದರೆ ಯುವಿ ಬೆಳಕಿನ ಫಿಲ್ಟರ್ ಸಾಕು, ಇಲ್ಲಾ ಕುದಿಸಿದರೆ ಸಾಕು.

ತುಂಗೆ_ದಂಡೆ
ಬೆಂಗಳೂರಲ್ಲಿ ಕಾವೇರಿ ನೀರು ಬರುವ ಅಪಾರ್ಟ್‌ಮೆಂಟಿನವರೂ ಅದನ್ನೇ ಮಾಡುತ್ತಾರೆ. ಅಕ್ಕಪಕ್ಕದವರು ಹಾಕಿಸಿದ್ದಾರೆ ಅಂತ.

ಎಸ್‌ಪಿ_ರೋಡ್_ಸೀನ
ನೀರಿನ ಕಥೆ ನಿಮಗೇ ಇರಲಿ, ಫೋನ್ ವಿಷಯಕ್ಕೆ ಬರೋಣ. ಅಪ್ಪನ ಫೋನ್ ಎಷ್ಟು ವರ್ಷದ್ದು? ಮೂರು ನಾಲ್ಕು ವರ್ಷದ್ದಾದರೆ ಬ್ಯಾಟರಿ ಸೋತಿದೆ ಅಷ್ಟೇ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಬದಲಾಯಿಸಿ. ಬಿಲ್ ತಗೊಳ್ಳಿ. ನಾನೇ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಫೋನ್ ರಿಪೇರಿಗೆ ಕೂತವನು, ಆದರೂ ಹೇಳುತ್ತೇನೆ, ಬ್ಯಾಟರಿ ಮಾತ್ರ ಗಲ್ಲಿಯಲ್ಲಿ ಹಾಕಿಸಬೇಡಿ. ಉಬ್ಬಿದ ಬ್ಯಾಟರಿ ನೋಡಿದ್ದೀರಾ? ಇಡ್ಲಿ ಥರ ಆಗಿರುತ್ತೆ.

ಇನ್ನೊಂದು, ಸ್ಟೋರೇಜ್ ನೋಡಿ. ವಯಸ್ಸಾದವರ ಫೋನ್ ನಿಧಾನ ಆಗೋದು ಗುಡ್ ಮಾರ್ನಿಂಗ್ ಫೋಟೋದಿಂದ. ಒಬ್ಬ ಅಜ್ಜನ ಫೋನಲ್ಲಿ ಸೂರ್ಯೋದಯ, ಗುಲಾಬಿ ಹೂವು, ಶನಿದೇವರು ಸೇರಿ 11 ಜಿಬಿ ತೆಗೆದೆ. ಫೋನ್ ಹೊಸದರ ಥರ ಓಡಿತು.

ಧಾರವಾಡದವ
ಸೀನಣ್ಣ, ಸೆಕೆಂಡ್ ಹ್ಯಾಂಡ್ ಫೋನ್ ತಗೋಳೋದು ಹೆಂಗ್ರಿ? ಕಳ್ಳತನದ್ದು ಇದ್ದರ?

ಎಸ್‌ಪಿ_ರೋಡ್_ಸೀನ
*#06# ಒತ್ತಿ, 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ಬರುತ್ತೆ. ಡಬ್ಬಿ ಮೇಲಿನದೂ ಬಿಲ್ಲಿನದೂ ಅದೇ ಇರಬೇಕು. ಆಮೇಲೆ ಕೆವೈಎಂ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಆ ನಂಬರ್ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿ. ಬ್ಲಾಕ್ ಆಗಿದ್ದರೆ ಗೊತ್ತಾಗುತ್ತೆ. ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲೂ ನೋಡಬಹುದು. ಬಿಲ್ ಇಲ್ಲ ಅಂದವನ ಹತ್ತಿರ ಎಷ್ಟು ಅಗ್ಗ ಕೊಟ್ಟರೂ ತಗೋಬೇಡಿ.

ಬೆಣ್ಣೆದೋಸೆ
ಮದುವೆಯಾಗಿ 40 ವರ್ಷ ಆದವರಿಗೆ ನೀರಿನ ಮೆಷಿನ್ನು, ಬ್ಯಾಟರಿ. ಏನ್ರೀ ಇದು! ಅಮ್ಮನಿಗೆ ಒಂದು ಮೈಸೂರು ಸಿಲ್ಕ್ ಕೊಡಿಸಿ.

ಮಲ್ಲಿಗೆ_ಮೊಗ್ಗು
ಕೆಎಸ್‌ಐಸಿ (ಸರ್ಕಾರಿ ರೇಷ್ಮೆ ನಿಗಮ) ಸೀರೆ ಅವರ ಬಜೆಟ್ ದಾಟಬಹುದು. ಅದರ ಆಸೆಗೆ "ಮೈಸೂರು ಸಿಲ್ಕ್" ಅಂತ ಬೋರ್ಡ್ ಹಾಕಿದ ಕಡೆ ನುಗ್ಗಬೇಡಿ. ಅಸಲಿ ಸೀರೆ ಮೇಲೆ ಕೆಎಸ್‌ಐಸಿ ಕೋಡ್ ಇರುತ್ತದೆ, ಹೊಲೊಗ್ರಾಂ ಇರುತ್ತದೆ. ಕೋಡ್ ಇಲ್ಲದಿದ್ದರೆ ಅದು ಬರೀ ಕ್ರೇಪ್ ಸೀರೆ. ನಮ್ಮ ಚಿಕ್ಕಮ್ಮ ಹಾಗೆ ಮೋಸ ಹೋಗಿದ್ದಾರೆ. ಎರಡನೇ ಸಲ ಒಗೆದಾಗ ಜರಿ ಕಪ್ಪಾಯಿತು.

ಹಳೇ_ಮಿಕ್ಸಿ
ಏರ್ ಫ್ರೈಯರ್ ಬಗ್ಗೆ ಯಾರೂ ಮಾತಾಡಿಲ್ಲ, ನಾನು ಮಾತಾಡುತ್ತೇನೆ. ನಮ್ಮ ಮನೆಯ ಅಟ್ಟದ ಮೇಲೆ ಒಂದಿದೆ, ಬೇಕಾದರೆ ಬಂದು ತಗೊಂಡು ಹೋಗಿ.

ಅಮ್ಮನಿಗೆ ಕೊಡಿಸಿದ್ದೆ. ಮೊದಲ ದಿನ ಆಲೂಗಡ್ಡೆ ಹಾಕಿದೆವು, ಚೆನ್ನಾಗಿತ್ತು. ಎರಡನೇ ದಿನ ಅಮ್ಮ ಈರುಳ್ಳಿ ಬಜ್ಜಿ ಹಿಟ್ಟು ಹಾಕಿದಳು. ತೆಳು ಹಿಟ್ಟು ಜಾಲರಿಯಿಂದ ಕೆಳಗೆ ಸೋರಿ, ಮೇಲಿದ್ದದ್ದು ಒಣಗಿ, ಕೆಳಗಿದ್ದದ್ದು ಹಪ್ಪಳವಾಗಿ... ಅದನ್ನು ಕೆರೆದು ತೊಳೆಯಲು ಒಂದು ಗಂಟೆ. ಅದು ಅಸಲಿಗೆ ಬಿಸಿಗಾಳಿ ಬೀಸುವ ಚಿಕ್ಕ ಓವನ್ ಅಷ್ಟೇ. ಹಿಟ್ಟಲ್ಲಿ ಅದ್ದಿ ಕರಿಯುವ ನಮ್ಮ ತಿಂಡಿಗಳು ಅದಕ್ಕೆ ಒಗ್ಗಲ್ಲ. ಮೂರನೇ ದಿನದಿಂದ ಅಟ್ಟ.

ಸುಮ್ನೆ_ನೋಡುಗ
ಅದೂ ಅಲ್ಲದೆ 1500 ವಾಟ್. ಅರ್ಧ ಗಂಟೆ ಓಡಿಸಿದರೆ ಮುಕ್ಕಾಲು ಯೂನಿಟ್ ಹತ್ತಿರ. ಗೃಹಜ್ಯೋತಿ ಇದೆ, ಬಿಡಿ.

ಲೆಕ್ಕಪತ್ರ
ಗೃಹಜ್ಯೋತಿ ಅಂದರೆ ಎಲ್ಲರಿಗೂ 200 ಯೂನಿಟ್ ಉಚಿತ ಅಂತ ಅಲ್ಲ. ಹಿಂದಿನ ನಿಮ್ಮ ಸರಾಸರಿ ಎಷ್ಟಿತ್ತೋ ಅದಕ್ಕೆ ಸ್ವಲ್ಪ ಸೇರಿಸಿ ಅಷ್ಟು ಉಚಿತ. ಮೇಲಿನದಕ್ಕೆ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಇಬ್ಬರೇ ಇರುವ ಹಳ್ಳಿ ಮನೆಯ ಸರಾಸರಿ ಕಡಿಮೆ ಇರುತ್ತದೆ. ದಿನಾ ಈ ಡಬ್ಬಿ ಓಡಿಸಿದರೆ ಸೊನ್ನೆ ಬಿಲ್ ಬರುತ್ತಿದ್ದ ಮನೆಗೆ ಬಿಲ್ ಬರುತ್ತದೆ. ಉಡುಗೊರೆ ಕೊಟ್ಟವರು ನೀವು, ಕಟ್ಟುವವರು ಅಪ್ಪ.

ಅದಿರಲಿ, ಆ ನೋ ಕಾಸ್ಟ್ ಇಎಂಐ ಬಗ್ಗೆ ನಾಲ್ಕು ಮಾತು, ನನ್ನ ಹೊಟ್ಟೆಪಾಡೇ ಲೆಕ್ಕ. 18,000ದ ಸಾಮಾನು, ಆರು ಕಂತು, ಕಂತಿಗೆ 3,000. ಬಡ್ಡಿ ಎಲ್ಲಿ ಅಂತ ಕೇಳುತ್ತೀರಿ. ಬ್ಯಾಂಕು ವರ್ಷಕ್ಕೆ 15 ಪರ್ಸೆಂಟ್ ಹಾಕುತ್ತದೆ ಅಂದುಕೊಳ್ಳಿ. ಆಗ ಅದು ನಿಮಗೆ ಕೊಡುವ ಸಾಲ ಸುಮಾರು 17,238. ಉಳಿದ 762 ಬಡ್ಡಿ. ಅಷ್ಟನ್ನು ಮಾರುವವನು ಡಿಸ್ಕೌಂಟ್ ಅಂತ ಕಳೆದು ತೋರಿಸುತ್ತಾನೆ. ಆದರೆ ಆ ಬಡ್ಡಿ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 137 ರೂಪಾಯಿ ನಿಮ್ಮ ಕಾರ್ಡಿನ ಬಿಲ್‌ನಲ್ಲಿ ಬರುತ್ತದೆ. ಪ್ರೊಸೆಸಿಂಗ್ ಫೀಸು 199 ಅಂದರೆ ಅದಕ್ಕೂ ಜಿಎಸ್‌ಟಿ ಸೇರಿ 235. ಒಟ್ಟು 372. ಇದು ದೊಡ್ಡ ಮೊತ್ತ ಅಲ್ಲ, ನಿಜ. ಆದರೆ ಪೂರ್ತಿ ದುಡ್ಡು ಕೊಟ್ಟರೆ ಎಷ್ಟಕ್ಕೆ ಬಿಡುತ್ತೀರಿ ಅಂತ ಕೇಳಿ ನೋಡಿ. ಆ ಡಿಸ್ಕೌಂಟ್ ಇಲ್ಲಿ ನಿಮಗೆ ಸಿಕ್ಕಿರಲ್ಲ. ಅದೇ ಅಸಲಿ ಬಡ್ಡಿ. ಕೈಯಲ್ಲಿ 18,000 ಇಟ್ಟುಕೊಂಡು ಇಎಂಐ ಯಾಕೆ ಸ್ವಾಮಿ?

ಸುಮ್ನೆ_ನೋಡುಗ
ಕೈಯಲ್ಲಿ ದುಡ್ಡಿಲ್ಲದವರಿಗೆ 372 ರೂಪಾಯಿಗೆ ಆರು ತಿಂಗಳ ಅನುಕೂಲ ಅಂದರೆ ಕೆಟ್ಟದ್ದೇನಲ್ಲ. ನಾನು ಲ್ಯಾಪ್‌ಟಾಪ್ ತಗೊಂಡಿದ್ದೇ ಹಾಗೆ. ಅದನ್ನೂ ಹೇಳಿ.

ಲೆಕ್ಕಪತ್ರ
ಸರಿ, ಹೇಳಿದೆ. ಕಂತು ತಪ್ಪಿಸದಿದ್ದರೆ.

ಡಬ್ಲಿನ್_ಕನ್ನಡಿಗ
ಇಲ್ಲಿ ಐರ್ಲೆಂಡಿನಲ್ಲಿ ಹೀಗೆ ಮನೆ ಬಾಗಿಲಿಗೆ ಬಂದು ಮಾರಿದ್ದಕ್ಕೆ, ಆನ್‌ಲೈನ್ ಕೊಂಡಿದ್ದಕ್ಕೆ ಕಾರಣ ಹೇಳದೆ ವಾಪಸ್ ಮಾಡಲು ಕನಿಷ್ಠ 14 ದಿನ ಇರುತ್ತದೆ. ಯುರೋಪಿಯನ್ ಯೂನಿಯನ್ ಪೂರ್ತಿ ಅದೇ ನಿಯಮ.

ಬೆಣ್ಣೆದೋಸೆ
ನಮ್ಮಲ್ಲಿ ವಾಪಸ್ ಕೊಡಲು ಹೋದರೆ ಡಬ್ಬಿ ಎಲ್ಲಿ, ಥರ್ಮಾಕೋಲ್ ಎಲ್ಲಿ, ಡಬ್ಬಿ ಮೇಲಿನ ಪ್ಲಾಸ್ಟಿಕ್ ಯಾಕೆ ಹರಿದಿರಿ ಅಂತ ಶುರು.

ಕೋರ್ಟು_ಕಟ್ಟೆ
ನಮ್ಮಲ್ಲೂ ದಾರಿ ಇದೆ, ಜನ ಹೋಗಲ್ಲ. ಮೊದಲು 1915, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದೂರು ಬರೆದುಕೊಂಡು ಕಂಪನಿಗೆ ಕಳಿಸುತ್ತಾರೆ. ನನ್ನ ಭಾವನಿಗೆ ಬಂದ ಫ್ರಿಜ್ಜಿನ ಬಾಗಿಲು ತಗ್ಗು ಬಿದ್ದಿತ್ತು, ಮಾರಿದವರು ತಿಂಗಳುಗಟ್ಟಲೆ ಆಡಿಸಿದರು. 1915ಕ್ಕೆ ಹೇಳಿದ ಮೇಲೆ ಎರಡೇ ವಾರದಲ್ಲಿ ಬೇರೆ ಬಂತು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳಲ್ಲ.

ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ಖರೀದಿಗೆ ಫೀಸಿಲ್ಲ. 2019ರ ಕಾಯ್ದೆ ಬಂದ ಮೇಲೆ ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಮಾರಿದವನ ಊರಿಗೆ ಅಲೆಯಬೇಕಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ವಕೀಲರು ಬೇಕೇ ಬೇಕು ಅಂತೇನೂ ಇಲ್ಲ. ಬಿಲ್ ಮಾತ್ರ ಬೇಕು. "ಬಿಲ್ ಬೇಡ ಅಂದರೆ 500 ಕಡಿಮೆ" ಅನ್ನುತ್ತಾರಲ್ಲ, ಆ 500ಕ್ಕೆ ನೀವು ಮಾರುವುದು ಈ ಹಕ್ಕನ್ನು. ಮನೆ ಬಾಗಿಲಿಗೆ ಬಂದ ಹುಡುಗ ಏನು ಕೊಟ್ಟ? ಬಿಲ್ಲಾ, ವಿಸಿಟಿಂಗ್ ಕಾರ್ಡಾ?

ಹುಣಸೇಮರದ_ನೆರಳು
ಕ್ಯಾಲೆಂಡರ್ ಕೊಟ್ಟು ಹೋಗಿದ್ದಾನೆ.

ಧಾರವಾಡದವ
😂😂 ಲಕ್ಷ್ಮೀ ಫೋಟೋದ್ದೋ, ವೆಂಕಟರಮಣಂದೋ?

ಚನ್ನಪಟ್ಟಣದ_ಬುಗುರಿ
ಗಿಫ್ಟ್ ಅಂತ ಬಂದಿದ್ದಕ್ಕೆ ಸಂಬಂಧ ಇಲ್ಲದ ಮಾತೊಂದು. ಮೊಮ್ಮಕ್ಕಳಿಗೆ ಆಟಿಕೆ ತರುವವರು ಐಎಸ್‌ಐ ಗುರುತು ನೋಡಿ, 2021ರಿಂದ ಕಡ್ಡಾಯ. ನಮ್ಮ ಚನ್ನಪಟ್ಟಣದ ಬೊಂಬೆಗೆ ಐಎಸ್‌ಐ ಇಲ್ಲ ಅಂತ ಒಬ್ಬರು ನನ್ನ ಹತ್ತಿರ ಜಗಳಕ್ಕೆ ಬಂದರು. ಜಿಐ (ಭೌಗೋಳಿಕ ಗುರುತು) ಇರುವ ಆಟಿಕೆಗೆ, ನೋಂದಾಯಿತ ಕುಶಲಕರ್ಮಿಗಳು ಮಾಡಿದ್ದಕ್ಕೆ ವಿನಾಯಿತಿ ಇದೆ. ಆಲೆ ಮರ, ಅರಗಿನ ಬಣ್ಣ. ಮಗು ಬಾಯಿಗೆ ಹಾಕಿಕೊಂಡರೂ ಭಯ ಇಲ್ಲ ಅಂತ ನಾವು ಮಾರುವುದೇ ಅದಕ್ಕೆ. ಆದರೆ ಹೈವೇ ಅಂಗಡಿಗಳಲ್ಲಿ ಎಲ್ಲವೂ ಚನ್ನಪಟ್ಟಣದ್ದಲ್ಲ, ಕೈಗೆತ್ತಿಕೊಂಡು ನೋಡಿ. ಪ್ಲಾಸ್ಟಿಕ್ಕಿಗೆ ಆ ತೂಕ ಬರಲ್ಲ.

ಹಳೇ_ಮಿಕ್ಸಿ
ಕುಕ್ಕರಿಗೂ ಐಎಸ್‌ಐ ಕಡ್ಡಾಯ. ಆನ್‌ಲೈನ್‌ನಲ್ಲಿ 700 ರೂಪಾಯಿ ಕುಕ್ಕರ್ ತರಿಸಿ ಅಮ್ಮಂದಿರ ಮುಂದೆ ಇಡಬೇಡಿ. ಚಾರ್ಜರ್, ಪವರ್ ಬ್ಯಾಂಕಿನ ಮೇಲೆ ಆರ್ ಅಕ್ಷರದಿಂದ ಶುರುವಾಗುವ ಬಿಐಎಸ್ ನಂಬರ್ ಇರುತ್ತೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಕಂಪನಿ ಹೆಸರು ಬೇರೆ ಬಂತೋ, ಇಟ್ಟು ಬನ್ನಿ.

ಮಳೆಕಾಡು
ಎಲ್ಲರೂ ಎಲ್ಲ ಹೇಳಿದಿರಿ. ಪ್ರಶ್ನೆ ಕೇಳಿದವರೇ, ಅಮ್ಮನಿಗೆ ಏನು ಬೇಕು ಅಂತ ಅಮ್ಮನನ್ನು ಕೇಳಿದಿರಾ?

ಹುಣಸೇಮರದ_ನೆರಳು
ಸರ್ಪ್ರೈಸ್ ಕೊಡೋಣ ಅಂತ...

ಮಳೆಕಾಡು
ಸರ್ಪ್ರೈಸ್ ಕೊಟ್ಟವರ ಉಡುಗೊರೆ ಅಟ್ಟದ ಮೇಲೆ ಇದೆ, ನೋಡಿ. ಹಳೇ ಮಿಕ್ಸಿಯವರೇ, ಬೇಜಾರಾಗಬೇಡಿ.

ಹಳೇ_ಮಿಕ್ಸಿ
ಆಗಿದೆ.

ಹುಣಸೇಮರದ_ನೆರಳು
ಎರಡು ವಾರ ಕಳೆದು ಬರೆಯುತ್ತಿದ್ದೇನೆ. ಹೋದ ಶನಿವಾರ ಊರಿಗೆ ಹೋಗಿದ್ದೆ.

ಮೊದಲು ನೀರು. ಪಂಚಾಯ್ತಿಯ ಹತ್ತಿರ ಇರುವ ಅಕ್ಕ ಒಬ್ಬರು ಕಿಟ್ ತಂದು ನಮ್ಮ ಜಗುಲಿಯಲ್ಲೇ ಮಾಡಿದರು. ಚಿಕ್ಕ ಸೀಸೆಗೆ ನೀರು, ಅದಕ್ಕೆ ಔಷಧಿ ಹನಿ, ಬಣ್ಣದ ಚೀಟಿ ಪಕ್ಕಕ್ಕೆ ಹಿಡಿದು ನೋಡುವುದು. ನಲ್ಲಿ ನೀರಿನ ಫ್ಲೋರೈಡ್ 1.5ಕ್ಕಿಂತ ಮೇಲೆ ಬಂತು. ಘಟಕದ ನೀರು 0.5 ಹತ್ತಿರ. ಕೋಲಾರದವರು ಹೇಳಿದ್ದು ಸರಿ, ನಲ್ಲಿ ನೀರು ಕುಡಿಯಬಾರದು. ಆದರೆ ಅವರು ಕುಡಿಯುತ್ತಿಲ್ಲ. ಸಾರು, ಕಾಫಿ, ಅನ್ನಕ್ಕೆ ಮಾತ್ರ ನಲ್ಲಿ ನೀರು ಹಾಕುತ್ತಿದ್ದರು, ಅದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಇನ್ನು ಅದಕ್ಕೂ ಕ್ಯಾನ್ ನೀರೇ.

ಮನೆಗೆ ಆರ್‌ಒ ಹಾಕಿಸೋಣ ಅಂದರೆ, ಗೌರಿಬಿದನೂರಿನ ಎರಡು ಅಂಗಡಿಯಲ್ಲಿ ಕೇಳಿದೆ. ಮಾಜಿ ಸೇಲ್ಸ್ ಅಣ್ಣ ಹೇಳಿದ ಪ್ರಶ್ನೆಯನ್ನೇ ಕೇಳಿದೆ. "ನಿಮ್ಮೂರಿಗಾ? ನಾಲ್ಕು ಕಂಪ್ಲೇಂಟ್ ಸೇರಿದರೆ ಒಂದು ಸಲ ಹುಡುಗ ಬರುತ್ತಾನೆ" ಅಂದರು. ಪ್ರಾಮಾಣಿಕವಾಗಿ ಹೇಳಿದರು ಅಂತ ಖುಷಿಯಾಯಿತು.

ಆಮೇಲೆ ಅಮ್ಮನನ್ನು ಕೇಳಿದೆ. ಅವಳು ಉತ್ತರ ಹೇಳಲಿಲ್ಲ, ಅಡುಗೆ ಮನೆಗೆ ಕರೆದಳು. 20 ಲೀಟರಿನ ಕ್ಯಾನನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಮೊಣಕಾಲಿಗೆ ಆನಿಸಿ, ಸೀರೆ ನೆನೆಸಿಕೊಂಡು ಬಿಂದಿಗೆಗೆ ಬಗ್ಗಿಸಿ ತೋರಿಸಿದಳು. "ಇದೊಂದು ತಪ್ಪಿಸಿ ಕೊಡು, ಸಾಕು." ಅಪ್ಪ ತರುತ್ತಾರೆ ಅನ್ನುವುದೇ ನಮ್ಮ ಮೂವರ ತಲೆಯಲ್ಲಿ ಇತ್ತು. ಬಗ್ಗಿಸುವವರು ಯಾರು ಅಂತ ಒಬ್ಬರೂ ಯೋಚಿಸಿರಲಿಲ್ಲ.

ಚಾರ್ಜ್ ಮಾಡುವ ಕ್ಯಾನ್ ಪಂಪ್ 450. ಅಪ್ಪನಿಗೆ ಎತ್ತಲು ಸುಲಭ ಆಗಲಿ ಅಂತ 10 ಲೀಟರಿನ ಎರಡು ಕ್ಯಾನ್ 500. ಫೋನ್ ಬ್ಯಾಟರಿ ಸರ್ವಿಸ್ ಸೆಂಟರ್‌ನಲ್ಲಿ 1,400, ಈಗ ರಾತ್ರಿ ಹತ್ತಕ್ಕೂ 30 ಪರ್ಸೆಂಟ್ ಇರುತ್ತದೆ. ಮಿಕ್ಸಿಯ ಚಟ್ನಿ ಜಾರ್ ಸೋರುತ್ತಿತ್ತು, ಹೊಸದು 750. ಒಟ್ಟು 3,100.

ಸುಮ್ನೆ_ನೋಡುಗ
ಆ ಸೇಲ್ಸ್ ಹುಡುಗ?

ಹುಣಸೇಮರದ_ನೆರಳು
ಅದನ್ನು ಹೇಳಲೇಬೇಕು. ಮೇಷ್ಟ್ರು ಬರೆದಿದ್ದನ್ನು ನಾನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದ್ದೆ. ಭಾನುವಾರ ಬೆಳಿಗ್ಗೆ ನಾನಿದ್ದಾಗಲೇ ಅವನು ಮತ್ತೆ ಬಂದ. "ಆಫರ್ ಇವತ್ತೇ ಕೊನೆ ಆಂಟಿ" ಅಂದ. ಅಮ್ಮ ಕೂತ್ಕೋಪ್ಪ ಅಂದಳು, ಕಾಫಿ ಕೊಟ್ಟಳು. "ಅವತ್ತು ನಾನು ಸರಿಯಾಗಿ ನೋಡಲಿಲ್ಲ, ಇನ್ನೊಂದು ಸಲ ತೋರಿಸು" ಅಂದಳು. ಅವನು ಲೋಟ ಜೋಡಿಸಿ ಬಾಟಲಿ ನೀರು ಸುರಿದ. ಬ್ಯಾಗಿನಿಂದ ಡಬ್ಬಿ ತೆಗೆಯಲು ಅತ್ತ ತಿರುಗಿದ. ಅಷ್ಟರಲ್ಲಿ ಅಮ್ಮ ಉಪ್ಪಿನ ಡಬ್ಬಿಯಿಂದ ಎರಡು ಬೆರಳಲ್ಲಿ ತೆಗೆದು ಅವನ ಲೋಟಕ್ಕೆ ಉದುರಿಸಿದಳು. ನಾನು ಉಸಿರು ಬಿಗಿ ಹಿಡಿದು ಕೂತಿದ್ದೆ.

ಪ್ಲಗ್ ಹಾಕಿದ. ಅವನ ಲೋಟವೇ ಮೊದಲು ಕೆಂಪಾಯಿತು!

ಹುಡುಗ ಎರಡು ನಿಮಿಷ ಅದನ್ನೇ ನೋಡಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ ಅನ್ನಿಸುತ್ತದೆ. ಅಮ್ಮ "ತಿಂಡಿ ತಿಂದ್ಯಾ?" ಅಂತ ಕೇಳಿ ಅವನಿಗೆ ಉಪ್ಪಿಟ್ಟು ಹಾಕಿಕೊಟ್ಟಳು.

ನಿವೃತ್ತ_ಮೇಷ್ಟ್ರು
31 ವರ್ಷದಲ್ಲಿ ಇಂಥ ವಿದ್ಯಾರ್ಥಿನಿ ಸಿಗಲಿಲ್ಲ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಮಾಜಿ_ಸೇಲ್ಸ್
ಪಾಪ ಹುಡುಗ. ಉಪ್ಪಿಟ್ಟು ಹಾಕಿದ್ದಕ್ಕೆ ಅಮ್ಮನಿಗೆ ನನ್ನದೂ ಒಂದು ನಮಸ್ಕಾರ.

ಕುಂದಾಪ್ರದ_ಹೆಣ್ಣು
ಆ ಪಂಪಿನ ಪೈಪನ್ನು ವಾರಕ್ಕೊಮ್ಮೆ ಬಿಸಿ ನೀರಲ್ಲಿ ತೊಳೆಯಿರಿ ಮಾರಾಯ್ರೆ, ಒಳಗೆ ಪಾಚಿ ಹಿಡಿಯುತ್ತದೆ.

ಗೌರಿಬಿದನೂರು_ಕಿರಿಯ
ನಾನೇ ಆ ತಮ್ಮ. ಅಕ್ಕ ಲಿಂಕ್ ಕಳಿಸಿದಳು, ಈಗ ಪೂರ್ತಿ ಓದಿದೆ. ಉಳಿದ 14,900 ಎಲ್ಲಿ?

ಹುಣಸೇಮರದ_ನೆರಳು
ಮನೆ ಗ್ರೂಪಿಗೆ ಬಾ, ಅಲ್ಲಿ ಮಾತಾಡೋಣ.

ಬೆಣ್ಣೆದೋಸೆ
ಇಲ್ಲೇ ಮಾತಾಡಿ, ನಾವೂ ಕೇಳುತ್ತೇವೆ. ಸೀರೆ ಅಂತ ನಾನು ಮೊದಲೇ ಹೇಳಿದ್ದೆ.